ಆಕಳು ಹಾಯದ ಕಣ್ಣು

ಗಾಜಿನ ಕಣ್ಣನ್ನು ನೀರಿನ ಬಟ್ಟಲಿಗೆ ಬಿಟ್ಟರೆ ಅದು ಕೂಡಲೇ ಮುಳುಗುವುದಿಲ್ಲ. ಒಳಗೆ ಟೊಳ್ಳು. ಒಂದು ಕ್ಷಣ ದೋಣಿಯಂತೆ ತೇಲುತ್ತದೆ, ಅಂಚಿನಿಂದ ನೀರು ಹೊಕ್ಕ ಮೇಲೆ ಓರೆಯಾಗಿ ಇಳಿಯುತ್ತದೆ, ಹಿತ್ತಾಳೆಯ ತಳಕ್ಕೆ ತಾಗಿದಾಗ ಒಂದು ಸದ್ದು ಮಾಡುತ್ತದೆ. ಬಳೆಗೆ ಬಳೆ ತಾಗಿದ ಸದ್ದಿಗಿಂತ ಮೆಲ್ಲಗೆ. ನೀರು ಸೋಸಿದ್ದಾಗಿರಬೇಕು. ಮರಳಿನ ಒಂದು ಕಣ ಅಂಟಿದರೂ ಮರುದಿನವಿಡೀ ರೆಪ್ಪೆಯೊಳಗೆ ಕರಕರ ಎನ್ನುತ್ತದೆ. ಈ ಸದ್ದನ್ನು ನಾನು ಬಹಳ ವರ್ಷ ಬಾಗಿಲಿಗೆ ಅಗುಳಿ ಹಾಕಿಕೊಂಡು ಒಬ್ಬಳೇ ಕೇಳಿದ್ದೇನೆ. ಅವ್ವನ ಮುಂದೆಯೂ ಕಣ್ಣು ತೆಗೆದವಳಲ್ಲ.

ಕೊಣ್ಣೂರಿನ ಒಬ್ಬ ಹುಡುಗಿಯ ಬಟ್ಟಲೂ ಈಗ ಹೀಗೆಯೇ ಸದ್ದು ಮಾಡುತ್ತದೆ. ಅವಳು ಶಾಲೆಗೆ ಹೋಗುತ್ತಾಳೆ, ಮಗ್ಗಿ ಹೇಳುತ್ತಾಳೆ, ತಮ್ಮನಿಗೆ ಹೊಡೆಯುತ್ತಾಳೆ. ಹೋದ ತಿಂಗಳು ಅವಳ ತಂದೆ, "ಬಾಯಾರ, ನೀವು ಸಾಲಿ ಕಲಸೂವರು, ಇದನ್ನ ಬರದ ಇಡ್ರಿ. ನಮ್ಮ ಹುಡಗಿ ಹೆಸರ ಹಾಕಬ್ಯಾಡ್ರಿ, ಉಳದದ್ದೆಲ್ಲಾ ಬರೀರಿ. ನಮಗ ಆವಾಗ ಇಂಥಾದ್ದೊಂದು ಓದಾಕ ಸಿಕ್ಕಿದ್ದರ ಇಷ್ಟ ಅಂಜತಿದ್ದಿಲ್ಲ" ಎಂದರು. ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ. ಅವರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದ ವರ್ಷ ನನಗೆ ಮೂರು ತುಂಬಿತ್ತು. ಆ ವರ್ಷವೇ ನನ್ನ ಬಲಗಣ್ಣು ಹೋಯಿತು. ಹೇಗೆ ಹೋಯಿತೆಂಬುದು ಮೂಡಲಗಿಯಲ್ಲಿ ಎಲ್ಲರಿಗೂ ಗೊತ್ತಿತ್ತು: ನಮ್ಮ ಮನೆಯ ಕೆಂದಿ ಎಂಬ ಆಕಳು ಹಾಯ್ದು. ನಮ್ಮದು ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಜೈನರ ಮನೆ. ಅಂಗಡಿಗೆ ಬಂದವರು ಬೆಲ್ಲ ಕಟ್ಟಿಸಿಕೊಳ್ಳುವಾಗ ನನ್ನನ್ನು ನೋಡಿ, "ಇದ ಏನ್ರಿ ಆಕಳ ಹಾಯ್ದ ಕೂಸು" ಎನ್ನುತ್ತಿದ್ದರು. ಓಣಿಯ ಹುಡುಗರು ಕೆಂದಿಗೆ ಕಲ್ಲು ಒಗೆಯುತ್ತಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವರನ್ನು ಓಡಿಸುತ್ತಿದ್ದಳು.

ನನಗೆ ಸೋಜಿಗವೆನಿಸಿದ್ದು ಅಲ್ಲಿ. ನನ್ನ ಕಣ್ಣು ತೆಗೆದ ಆಕಳಿಗೆ ಅವ್ವ ದಿನಾ ಮೊದಲ ರೊಟ್ಟಿ ಹಾಕುತ್ತಿದ್ದಳು. ಒಲೆಯಿಂದ ಇಳಿದ ಮೊದಲ ರೊಟ್ಟಿ ನನಗೂ ಅಲ್ಲ, ಅಣ್ಣನಿಗೂ ಅಲ್ಲ, ಕೆಂದಿಗೆ. ಅದರ ಕೊರಳು ತುರಿಸುತ್ತಾ ಏನೋ ಮಾತಾಡುತ್ತಿದ್ದಳು. ಒಮ್ಮೆ ನಾನು ಕೆಂದಿಯ ಮುಂದೆ ನಿಂತು ಲೆಕ್ಕ ಹಾಕಿದ್ದುಂಟು. ಅದರ ಕೊಂಬುಗಳು ಒಳಕ್ಕೆ ಬಾಗಿ ತುದಿಗೆ ತುದಿ ಎದುರಾಗಿದ್ದವು. ಆ ಕೊಂಬಿನಿಂದ ಯಾರ ಕಣ್ಣಿಗಾದರೂ ತಿವಿಯಬೇಕೆಂದರೆ ಕೆಂದಿ ಬಹಳ ಕಷ್ಟಪಡಬೇಕಾಗುತ್ತಿತ್ತು. ಕನ್ನಡಿಯಲ್ಲಿ ರೆಪ್ಪೆ ನೋಡಿಕೊಂಡೆ. ಗಾಯದ ಗೆರೆ ಇರಲಿಲ್ಲ. ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೆಲವು ಮಾತುಗಳ ಮೇಲೆ ತಾಟು ಮುಚ್ಚಿಟ್ಟಿರುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕೆಂದಿ ಸತ್ತಾಗ ಅವ್ವ ಮನೆಯವರು ಹೋದಂತೆ ಅತ್ತಳು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತೇನೆ ಎಂದಾಗ ಬಂಧುಗಳು ಮುಖ ಕಿವುಚಿದರು. ನೀರು ಸೋಸಿ ಕುಡಿಯುವ ಮನೆಯ ಹುಡುಗಿ ಕಪ್ಪೆ ಕೊಯ್ಯುವುದೆಂದರೇನು ಎಂದರು. ಅಪ್ಪಾ ಮಾತ್ರ, "ಕೊಯ್ಯೂದನ್ನ ಅವರಿವರು ಕೊಯ್ಯಲಿ, ನೀ ನೋಡು. ನೋಡೂದು ಪಾಪ ಅಲ್ಲ" ಎಂದರು. ಅವರೇಕೆ ಹಾಗೆಂದರೆಂದು ತಿಳಿಯುವ ಹೊತ್ತಿಗೆ ಅವರಿರಲಿಲ್ಲ. ಕೊನೆಯ ವರ್ಷದ ಪರೀಕ್ಷೆಗೆ ಮೊದಲೇ ತೀರಿಕೊಂಡರು. ನಾನು ಊರಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದೆ, ಮಂದಿಗೆ ಬಾಯಾರು ಆದೆ.

ಅಲ್ಲಿಯವರೆಗೂ ನನ್ನ ಕಣ್ಣುಗಳನ್ನು ಅಪ್ಪಾ ಮುಂಬಯಿಯಿಂದ ತರಿಸುತ್ತಿದ್ದರು. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ನಾಲ್ಕಾರು ಬರುತ್ತಿದ್ದವು. ಬಣ್ಣ ಹತ್ತಿರ ಬರುವುದನ್ನು ಇಟ್ಟುಕೊಂಡು ಉಳಿದವನ್ನು ಮರಳಿಸುತ್ತಿದ್ದೆವು. ಅವರು ಹೋದ ಮೇಲೆ ಕೊನೆಯ ಕಣ್ಣಿನ ಅಂಚು ಸೀಳಿತು. ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿಬರುತ್ತೇನೆ ಎಂದೆ.

"ಬೆಳಗಾವಿಗೆ ಹೋಗು. ಮಿರಜ ಯಾಕ?" ಎಂದಳು ಅವ್ವ.

"ಘಟಪ್ರಭಾದಾಗ ರೈಲಗಾಡಿ ಹತ್ತಿದರ ಆತು. ಮಿರಜಿಗೇನಾಗೈತಿ?"

ಅವ್ವ ರೊಟ್ಟಿ ಕಟ್ಟಿಕೊಟ್ಟಳು.

ಆಸ್ಪತ್ರೆಯ ಕಣ್ಣಿನ ವಿಭಾಗದ ಹೊರಗೆ ಗೋಡೆಯುದ್ದಕ್ಕೂ ಕೂರಲು ಮರದ ಬಾಕು. ಅದರ ಮೇಲೆ ಕೂತ ಹೆಚ್ಚುಕಡಿಮೆ ಎಲ್ಲರಿಗೂ ಒಂದೊಂದು ಕಣ್ಣಿಗೆ ಪಟ್ಟಿ. ಕಪ್ಪು ಕನ್ನಡಕ ಹಾಕಿಕೊಂಡು ಹೋದ ನನಗೆ ಮೊದಲ ಸಲ ಎದ್ದು ಕಾಣದಿರುವ ಸುಖ ಸಿಕ್ಕಿತು. ಪಕ್ಕದಲ್ಲಿ ಅಥಣಿ ಕಡೆಯ ಗಂಡಹೆಂಡತಿ ಇದ್ದರು. ಉಳ್ಳಾಗಡ್ಡಿ ಒಡೆದು ನನಗೂ ಅರ್ಧ ಕೊಡಲು ಬಂದ ಹೆಂಗಸು ಕೇಳಿದಳು: "ನಿಮಗೇನಾಗೈತ್ರಿ?"

"ಸಣ್ಣಾಕಿ ಇದ್ದಾಗ ಆಕಳ ಹಾಯ್ದಿತ್ತು."

"ನಮ್ಮವರಿಗೆ ಕಬ್ಬಿನ ಗರಿ ಬಡದೈತಿ. ಆಕಳಾದರ ಒಂದ ಸಲ ಹಾಯ್ತೈತಿ, ಈ ಕಬ್ಬ ವರ್ಷಾ ಹಾಯ್ತೈತಿ ನೋಡ್ರಿ."

ಪಟ್ಟಿ ಕಟ್ಟಿದ ಗಂಡ ಆ ಕಡೆಯಿಂದ, "ಬೆಲ್ಲಾ ತಿನ್ನೂ ಮುಂದ ಮಾತ್ರ ಕಬ್ಬಿನ ಮ್ಯಾಲ ಸಿಟ್ಟ ಇರೂದಿಲ್ಲ ಈಕಿಗೆ" ಎಂದ.

ಡಾಕ್ಟರು ನಡುವಯಸ್ಸಿನವರು. ಸಾಂಗಲಿ ಕಡೆಯವರಾದ್ದರಿಂದ ಅವರ ಕನ್ನಡ ಅರ್ಧದಲ್ಲಿ ಮರಾಠಿಗೆ ಹೊರಳುತ್ತಿತ್ತು. ನನ್ನ ಮೇಲುರೆಪ್ಪೆ ಎತ್ತಿದರು, ಕೆಳರೆಪ್ಪೆ ಇಳಿಸಿದರು, ದೀಪ ಹಿಡಿದು ಮತ್ತೆ ನೋಡಿದರು.

"ಕೊಂಬ ಎಲ್ಲಿ ಬಡದಿತ್ತು?"

"ಗೊತ್ತಿಲ್ಲರಿ. ಮೂರು ವರ್ಷದಾಕಿ ಇದ್ದೆ."

"ರೆಪ್ಪೆಗೆ ಒಂದು ಹೊಲಿಗಿ ಸುದ್ಧಾ ಇಲ್ಲ. ಇಷ್ಟ ಸ್ವಚ್ಛ ಹಾಯೂ ಆಕಳಾ ನಾ ಎಲ್ಲೂ ನೋಡಿಲ್ಲ. ಯಾವ ಊರು ನಿಮ್ಮದು?"

ಹೇಳಿದೆ. ವರ್ಷವನ್ನೂ ಕೇಳಿದರು. ಅದನ್ನೂ ಹೇಳಿದೆ. ಅವರು ದೀಪವನ್ನು ಕೆಳಗಿಟ್ಟರು.

"ಮೂಡಲಗಿ. ತಂದೀದು ಕಿರಾಣಿ ಅಂಗಡಿ?"

"ಹೌದ್ರಿ."

"ಹಂಗಾರ ನೀವು ಜೀವಂತ ಅದೀರಿ" ಎಂದರು. ಹೊಗಳಿಕೆಯಲ್ಲ, ಅನುಕಂಪವೂ ಅಲ್ಲ. ಪ್ರಯೋಗದ ಕೊನೆಯಲ್ಲಿ ಫಲಿತಾಂಶ ಓದುತ್ತಾರಲ್ಲ, ಹಾಗೆ.

ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಫಾರ್ಮಾಲಿನ್ ವಾಸನೆ ನನಗೆ ಧಾರವಾಡದಿಂದಲೇ ಪರಿಚಯ. ಕಪಾಟಿನ ಎರಡನೆಯ ಸಾಲಿನಿಂದ ಒಂದು ಸಣ್ಣ ಬಾಟಲಿ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ನಡುವೆ ಕೊಯ್ದ ಅರ್ಧ ಕಣ್ಣು. ದೊಡ್ಡ ಬೋರೆಹಣ್ಣಿನ ಹೋಳಿನಷ್ಟು. ಕಪ್ಪು ಚಿಪ್ಪಿನೊಳಗೆ ಒದ್ದೆ ಸುಣ್ಣದಂಥ ಒಂದು ಬಿಳಿಯ ಗಂಟು.

"ಇದು ನಿಮ್ಮದು" ಎಂದರು. "ಇದಕ್ಕ ಕ್ಯಾನ್ಸರ್ ಅಂತಾರ. ಮಕ್ಕಳ ಕಣ್ಣಾಗ ಆಗತೈತಿ."

ಕಾಲ ಕೆಳಗಿನ ನೆಲ ಸರಿದಂತಾಗಬೇಕಿತ್ತು. ಹಾಗಾಗಲಿಲ್ಲ. ಕೆಂದಿಯ ಕೊಂಬು ಕಣ್ಣೆದುರಿಗೆ ಬಂತು, ಅವ್ವನ ಮೊದಲ ರೊಟ್ಟಿ ಬಂತು. ಅಷ್ಟು ವರ್ಷ ಬಿಡಿಬಿಡಿಯಾಗಿ ಬಿದ್ದಿದ್ದವು ಒಂದಕ್ಕೊಂದು ಕೂಡಿಕೊಂಡವು. ಅಂಜಿಕೆ ಆಮೇಲೆ ಬಂತು, ಗಾಡಿಯಲ್ಲಿ. ಆ ಹೊತ್ತಿಗೆ ನಾನು ಕೇಳಿದ್ದು, "ಸ್ಲೈಡ್ ಮಾಡೀರೇನ್ರಿ?"

ಅವರು ನಕ್ಕರು. ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಎಳೆದರು. ಎಲ್ಲರೂ ಅದರೊಳಗೆ ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ, ನನಗೆ ಆ ತೊಂದರೆಯಿಲ್ಲ. ಇರುವ ಒಂದು ಕಣ್ಣಿನಿಂದ ಇಲ್ಲದ ಕಣ್ಣನ್ನು ನೋಡಿದೆ. ನೇರಳೆ ಬಣ್ಣದ ಸಾಸಿವೆ ಚೆಲ್ಲಿದಂತೆ ಜೀವಕೋಶಗಳು ಒತ್ತೊತ್ತಾಗಿ ತುಂಬಿದ್ದವು. ನಡುನಡುವೆ ಕೆಲವು ವರ್ತುಲವಾಗಿ, ಬಾಗಿಲ ಮುಂದಿನ ರಂಗೋಲಿಯ ಹೂವಿನಂತೆ ಕೂತಿದ್ದವು. ನನ್ನನ್ನು ಕೊಲ್ಲಲು ಹೊರಟಿದ್ದದ್ದು ಇಷ್ಟು ಅಚ್ಚುಕಟ್ಟಾಗಿತ್ತು. ಎಷ್ಟು ಹೊತ್ತು ನೋಡಿದೆನೋ, ಅವರು ಅವಸರ ಮಾಡಲಿಲ್ಲ.

ಅಪ್ಪಾನ ಮಾತು ಆಗ ಹೊರಬಂತು. ಇವರಿಗಿಂತ ಮೊದಲಿದ್ದ ಹಿರಿಯ ಡಾಕ್ಟರು ಅದನ್ನು ಇವರಿಗೆ ಹೇಳಿದ್ದರು. ತೆಗೆದ ಕಣ್ಣನ್ನು ಇಟ್ಟುಕೊಂಡು ಅಭ್ಯಾಸ ಮಾಡುತ್ತೇವೆ, ಕೊಡುತ್ತೀರಾ ಎಂದು ಕೇಳಿದರೆ ಬಂದವರೆಲ್ಲ ಕೈಮುಗಿದು ಬೇಡವೆನ್ನುತ್ತಿದ್ದರಂತೆ, ಮಣ್ಣಿಗೋ ಹೊಳೆಗೋ ಒಪ್ಪಿಸಲು ಒಯ್ಯುತ್ತಿದ್ದರಂತೆ. ಮೂಡಲಗಿಯ ಅಂಗಡಿಕಾರ ಮಾತ್ರ ಒಂದು ಪ್ರಶ್ನೆ ಕೇಳಿದರು: "ಇದರಿಂದ ಮತ್ತೊಂದು ಕೂಸಿಗೆ ಉಪಯೋಗ ಆಗತೈತೇನ್ರಿ?" ಹಿರಿಯ ಡಾಕ್ಟರು, "ಗೊತ್ತಿಲ್ಲ. ಆಗಬಹುದು" ಎಂದರು. ಅಪ್ಪಾ, "ಗೊತ್ತಿಲ್ಲ ಅಂತ ಹೇಳಿದಿರಲ್ಲ, ಹಂಗಾರ ಇಟ್ಟಕೋರಿ" ಎಂದರಂತೆ.

"ಬಾಟಲಿ ನನಗ ಎಷ್ಟೋ ವರ್ಷದಿಂದ ಗೊತ್ತು, ಮನುಷ್ಯ ಗೊತ್ತಿದ್ದಿಲ್ಲ" ಎಂದರು ಡಾಕ್ಟರು. "ಮಂದಿ ತಿರುಗಿ ಬರೂದಿಲ್ಲ. ಬದುಕಿದರೋ ಇಲ್ಲೋ ಯಾರಿಗೆ ಗೊತ್ತು? ಸಂಶೋಧನೆ ಅಂದ್ರ ದೊಡ್ಡ ಶಬ್ದ. ಹಣ ಕೊಡೂ ದೊಡ್ಡ ಮಂದಿ ಮಕ್ಕಳ ಕಣ್ಣಿಗೆ ಯಾಕ ಅಂತಾರ, ನಾಕ ಮಂದಿಗೆ ಬರೂ ರೋಗ ಅಂತಾರ. ನಮಗ ಸಂಶೋಧನೆ ಅಂದ್ರ ಫೋಟೋದ ಫಿಲ್ಮು, ಈ ದೀಪದ ಬಲ್ಬು, ಆಮ್ಯಾಲ ಹಳ್ಳಿಯಿಂದ ಇಲ್ಲೀತನಕ ಬರಾಕ ಗಾಡಿ ತಿಕೀಟು. ತಿಕೀಟ ಇದ್ದರ ಮಂದಿ ಬರತಾರ. ಮಂದಿ ಬಂದರ ನಮಗ ತಿಳೀತೈತಿ."

ನಂತರ ಕೇಳಿದರು: "ಅಣ್ಣತಮ್ಮರು?"

"ಒಬ್ಬ ಅಣ್ಣ. ಗೋಕಾಕ ಫಾಲ್ಸಿನ ಗಿರಣಿಯೊಳಗ ಕಾರಕೂನ. ಕಣ್ಣ ಚಲೋ ಅದಾವು."

"ಮಕ್ಕಳು?"

"ಈಗ ಒಂದು ಗಂಡ ಕೂಸು. ಹುಕ್ಕೇರಿಯೊಳಗೈತಿ, ಅಣ್ಣನ ಹೆಂಡತಿ, ನಮ್ಮ ವೈನಿ, ಅವರ ತವರಮನ್ಯಾಗ."

ಅವರ ಮುಖ ಗಂಭೀರವಾಯಿತು. ಕೆಲವು ಮನೆತನಗಳಲ್ಲಿ ಇದು ಮರುಕಳಿಸುತ್ತದೆ, ಕಣ್ಣು ಚೆನ್ನಾಗಿದ್ದವರ ಮಕ್ಕಳಿಗೂ ಬಂದದ್ದುಂಟು, ಯಾಕೆಂದು ಇನ್ನೂ ತಿಳಿದಿಲ್ಲ ಎಂದರು. "ಬರತೈತಿ ಅಂತ ನಾ ಹೇಳೂದಿಲ್ಲ. ನೋಡಬೇಕು. ಔಷಧ ಹನಿಸಿ ಕಣ್ಣಿನ ಒಳಗ ನೋಡಬೇಕು. ಸಣ್ಣದಿದ್ದಾಗ ಸಿಕ್ಕರ ಕಣ್ಣೂ ಉಳೀಬಹುದು. ಬೆಕ್ಕಿನ ಕಣ್ಣಿನಂಗ ಹೊಳಪು ಕಾಣೂತನಕ ಕಾಯಬ್ಯಾಡ್ರಿ. ಹೊಳಪು ಕಂಡರ ಕಣ್ಣು ಹೋದಂಗ. ಇನ್ನೂ ಕಾದರ ಕೂಸ ಹೋದಂಗ."

ಹೊಸ ಗಾಜಿನ ಕಣ್ಣು ಹಾಕಿಸಿಕೊಂಡು ಹತ್ತಿದ ಗಾಡಿಯಲ್ಲಿ ಅಣ್ಣನ ಕೂಸಿನ ತಿಂಗಳು ಎಣಿಸುತ್ತಾ ಅಂಜಿದೆ. ನನಗಾಗಿ ಅಲ್ಲ. ನನ್ನದು ಬಾಟಲಿಯಲ್ಲಿ ಭದ್ರವಾಗಿತ್ತು.

ಮನೆಗೆ ಬಂದಾಗ ಅವ್ವ ಹೊತ್ತು ಮುಳುಗುವ ಮೊದಲಿನ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತೆ.

"ಕೆಂದಿ ನನಗ ಹಾಯ್ದಿಲ್ಲ ಅವ್ವಾ."

ಅವ್ವನ ಕೈ ನಿಲ್ಲಲಿಲ್ಲ. "ಯಾರ ಹೇಳಿದರು?"

"ಕಣ್ಣ ಹೇಳಿತು. ನೋಡಿ ಬಂದೆ."

ಈಗ ಕೈ ನಿಂತಿತು. "ಕಣ್ಣ? ಅದನ್ನ ಕೃಷ್ಣಾ ಹೊಳಿಗೆ ಬಿಟ್ಟ ಬಂದೆ ಅಂತ ಹೇಳಿದ್ದರು ನಿಮ್ಮ ಅಪ್ಪಾ."

"ಬಿಟ್ಟಿಲ್ಲ. ಅಲ್ಲೆ ಐತಿ. ಬಾಟಲ್ಯಾಗ."

ಕೊಟ್ಟದ್ದು ಸರಿಯೇ ತಪ್ಪೇ ಎಂದು ಕೇಳುತ್ತಾಳೆಂದುಕೊಂಡೆ. ಅವಳು ಕೇಳಿದ್ದು, "ಹ್ಯಾಂಗೈತಿ? ಸಣ್ಣದೈತೇನು?"

"ಬೋರಿಹಣ್ಣಿನಷ್ಟೈತಿ."

"ಆವಾಗ ನಿನ್ನ ಮಾರೀನ ಇಷ್ಟಿತ್ತು" ಎಂದು ಹಿಟ್ಟಿನ ಬೊಗಸೆ ತೋರಿಸಿದಳು.

ಆಮೇಲೆ ತಾನೇ ಹೇಳಿದಳು. ಒಂದು ಸಂಜೆ ಬಸದಿಯ ಆರತಿ ಮುಗಿಸಿ ಬಂದು ಕಂದೀಲು ಹಚ್ಚಿದಾಗ ನನ್ನ ಕಣ್ಣಿನ ಕರಿಗುಡ್ಡೆ ಬೆಳ್ಳಗೆ ಹೊಳೆಯಿತು. ಕಂದೀಲು ಸರಿಸಿದರೆ ಇಲ್ಲ, ಹಿಡಿದರೆ ಇದೆ. ಅಪ್ಪಾ ಮರುದಿನವೇ ಮಿರಜಿಗೆ ಕರೆದೊಯ್ದರು. ತಿರುಗಿ ಬಂದ ಮೇಲೆ ಓಣಿಯವರು ಏನಾಯಿತೆಂದು ಕೇಳಿದಾಗ ಅವ್ವನ ಬಾಯಲ್ಲಿ ಬಂದದ್ದು ಕೆಂದಿಯ ಹೆಸರು. ರೋಗ ಎಂದರೆ ರಕ್ತದಲ್ಲಿದೆ ಎನ್ನುತ್ತಾರೆ, ಮಗನಿಗೂ ಹೆಣ್ಣು ಕೊಡುವುದಿಲ್ಲ, ಮಗಳನ್ನೂ ಕೇಳುವುದಿಲ್ಲ. ಆಕಳು ಹಾಯ್ದರೆ ಯಾರ ರಕ್ತಕ್ಕೂ ಸಂಬಂಧವಿಲ್ಲ. ಕೆಂದಿಗೆ ಬಾಯಿಲ್ಲ. "ಅದಕ ರೊಟ್ಟಿ ಹಾಕತಿದ್ದೆ" ಎಂದಳು ಅವ್ವ.

ಕೂಸಿನ ಮಾತೆತ್ತಿದೆ. ಅವ್ವ ನನ್ನ ಮೊಣಕೈ ಹಿಡಿದಳು. "ತೋರಸೂಣು. ಮೊದಲ ತೊಟ್ಟಿಲ ಕಾರ್ಯ ಆಗಲಿ, ಕೂಸ ನಮ್ಮ ಮನಿಗೆ ಬರಲಿ. ಈಗ ಹೇಳಿದರ ಬೀಗರು ಮೋಸಾ ಮಾಡ್ಯಾರ ಅಂತಾರ. ನಿಮ್ಮ ವೈನೀನ ಕಳಸಲಿಲ್ಲಂದ್ರ?"

ಅಣ್ಣನೂ ಅದನ್ನೇ ಹೇಳಿದ, ಗೋಡೆ ನೋಡುತ್ತಾ. ಬಾಣಂತಿ ಐದು ತಿಂಗಳಿಗೆ ಗಂಡನ ಮನೆಗೆ ಬರುವುದು ರೂಢಿ. ಅಲ್ಲಿಯವರೆಗೆ ತಡೆ ಎಂದ. ತಡೆಯುವಷ್ಟು ಸಮಯ ಆ ಕಣ್ಣುಗಳಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಅಣ್ಣನಿಗೆ ರಜೆ ಸಿಗದೆ ಮುಂದೆ ಹೋಗಿದ್ದ ತೊಟ್ಟಿಲ ಕಾರ್ಯ ಕೂಸಿಗೆ ಮೂರು ತಿಂಗಳಾದಾಗ ಹುಕ್ಕೇರಿಯಲ್ಲಿ ನಡೆಯಿತು. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ, ತಂದೆಯ ತಂಗಿಯೋ ಅಕ್ಕನೋ. ಅವಳು ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದಕ್ಕೆ ಮೊದಲು ಒಂದು ಆಟವುಂಟು: ತನಗೆ ಬೇಕಾದದ್ದು ಕೊಡುವತನಕ ಸೋದರತ್ತೆ ಬಾಯಿ ಬಿಡುವುದಿಲ್ಲ. ಸೀರೆ ಕೇಳುತ್ತಾಳೆ, ಮೂಗಿನ ನತ್ತು ಕೇಳುತ್ತಾಳೆ, ಬೀಗತಿ ಇಲ್ಲವೆನ್ನುತ್ತಾಳೆ, ಎಲ್ಲರೂ ನಗುತ್ತಾರೆ.

ರೂಢಿಯಂತೆ ಕೂಸಿನ ಕುಂಚಿಗೆ ತೊಡಿಸಿದ ಗುಂಡಕಲ್ಲನ್ನು ಮೊದಲು ತೊಟ್ಟಿಲಿಗೆ ಹಾಕಿ ತೂಗಿದರು, ಆಮೇಲೆ ಕೂಸನ್ನು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಮೆಲ್ಲಗಲ್ಲದ ಮೆಲುದನಿಯಲ್ಲಿ, "ಈಕ್ಯಾ ಹೆಸರ ಇಡೂದು? ಎರಡೂ ಕಣ್ಣ ಇದ್ದಾಕಿ ಬ್ಯಾರೆ ಯಾರೂ ಇಲ್ಲೇನು?" ಎಂದಳು.

ವೈನಿಯ ತಾಯಿಯನ್ನು ನಾನು ಮಾವಶಿ ಎಂದು ಕರೆಯುತ್ತೇನೆ. ದೊಡ್ಡ ದನಿಯ ಹೆಂಗಸು. "ಸೋದರತ್ತಿ ಆಕಿ ಒಬ್ಬಾಕೀನ ಅದಾಳ. ನಿನಗ ಬೇಕಾದರ ನೀ ಎರಡೂ ಕಣ್ಣ ಮುಚ್ಚಿಕೊಂಡ ಕೂಡು" ಎಂದು ಅವಳನ್ನು ಸುಮ್ಮನಾಗಿಸಿ, ನನ್ನ ಕಡೆ ತಿರುಗಿದರು. "ಹೇಳ ಮತ್ತ. ಇಳಕಲ್ಲ ಸೀರಿ ತಂದಿಟ್ಟೀನಿ. ಸಾಲದೇನು?"

ಈ ಆಟವನ್ನು ನಾಲ್ಕು ಜನರ ಮುಂದೆ ಆಡುವವಳಲ್ಲ ನಾನು. ಅಂದು ಆಡಿದೆ.

"ಸೀರಿ ಸಾಲೂದಿಲ್ಲ ಮಾವಶಿ."

"ಬಾಯಾರಿಗೆ ಬಂಗಾರ ಬೇಕಂತ" ಎಂದು ಯಾರೋ ನಕ್ಕರು.

"ಕೂಸನ್ನ ಮಿರಜಿಗೆ ಕರಕೊಂಡ ಹೋಗಿ ಕಣ್ಣ ತೋರಸಬೇಕು. ಆ ಮಾತ ಕೊಟ್ಟರ ಹೆಸರ ಹೇಳತೇನಿ."

ನಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆರುತ್ತಾ ಹೋಯಿತು. ಮಾವಶಿ ತೊಟ್ಟಿಲ ಹಗ್ಗ ಹಿಡಿದರು. "ಕೂಸಿನ ಕಣ್ಣಿಗೆ ಏನಾಗೈತಿ?"

"ಏನೂ ಆಗಿಲ್ಲ. ಆಗೇತೋ ಇಲ್ಲೋ ನೋಡಬೇಕು. ನನಗ ಆಕಳ ಹಾಯ್ದಿಲ್ಲರಿ." ಕಂದೀಲಿನ ಮುಂದೆ ಬೆಕ್ಕಿನ ಕಣ್ಣಿನಂತೆ ಹೊಳೆದದ್ದನ್ನು, ಬಾಟಲಿಯನ್ನು, ಡಾಕ್ಟರು ಹೇಳಿದ್ದನ್ನು ಹೇಳಿದೆ. ಪಾಠ ಹೇಳುವ ದನಿಯಲ್ಲೇ ಹೇಳಿದೆ, ನನಗೆ ಬೇರೆ ದನಿ ಬರುವುದಿಲ್ಲ.

ಮಾವಶಿ ಅವ್ವನನ್ನು ನೋಡಿದರು. "ಬೀಗತೀ, ಇದು ಖರೆ ಏನ್ರಿ?"

ಅವ್ವ ತೊಟ್ಟಿಲ ಕಾಲನ್ನೇ ನೋಡುತ್ತಿದ್ದಳು. ಇಲ್ಲ ಎನ್ನಬಹುದಿತ್ತು, ನಾನು ಸುಳ್ಳಿಯಾಗುತ್ತಿದ್ದೆ. "ಖರೆ ಐತ್ರಿ" ಎಂದಳು. "ಆಕಳ ಏನೂ ಮಾಡಿಲ್ಲ."

ಮೂಡಲಗಿಯಿಂದ ನಮ್ಮೊಂದಿಗೆ ಬಂದಿದ್ದ ನೆರೆಮನೆಯ ಅಜ್ಜಿ, "ಹಂಗಾರ ಇಷ್ಟ ವರ್ಷ ನಾವೆಲ್ಲಾ ಆ ಬಡ ಆಕಳಾ ಬೈದದ್ದು?" ಎಂದು ಗಲ್ಲದ ಮೇಲೆ ಕೈಯಿಟ್ಟಳು. ಒಂದಿಬ್ಬರು ನಕ್ಕರು. ಮಾವಶಿ ನಗಲಿಲ್ಲ.

"ಲಗ್ನಕ್ಕ ಮೊದಲ ಹೇಳಬೇಕಾಗಿತ್ತು."

"ಹೌದ್ರಿ" ಎಂದಳು ಅವ್ವ.

ಆಗ ಒಳಬಾಗಿಲಲ್ಲಿ ಕಿವಿಗೆ ಬಟ್ಟೆ ಬಿಗಿದುಕೊಂಡು ಕೂತಿದ್ದ ವೈನಿ ಕೇಳಿದರು. "ಯಾವ ಗಾಡಿಗೆ ಹೋಗೂದು?"

"ನೀ ಬಾಣಂತಿ, ಸುಮ್ಮನಿರು. ಹೊರಗ ಗಾಳಿ ಐತಿ" ಎಂದರು ಮಾವಶಿ.

"ಒಳಗೂ ಗಾಳಿ ಐತಿ ಅವ್ವಾ. ಕಿವಿ ಕಟಗೊಂಡ ಬರತೇನಿ." ವೈನಿ ನನ್ನನ್ನೇ ನೋಡುತ್ತಿದ್ದರು. "ಯಾವ ಗಾಡಿ?"

"ಮುಂಜಾನೆ ಗಾಡಿ. ಘಟಪ್ರಭಾದಿಂದ" ಎಂದೆ.

ಮಾವಶಿ ಮಗಳನ್ನು ನೋಡಿದರು, ತೊಟ್ಟಿಲನ್ನು ನೋಡಿದರು. "ಹೆಸರಿಲ್ಲದ ಕೂಸನ್ನ ಎಷ್ಟೊತ್ತ ಮಲಗಸತಿ? ಮಾತ ಕೊಟ್ಟೀನಿ. ನಾಳೀನ ಹೋಗೂಣು, ಕೊಟ್ಟ ಮಾತ ಹಳಸಬಾರದು. ಹೇಳು."

ಬಾಗಿದೆ. ಕೂಸು ಕಾಡಿಗೆ ಹಚ್ಚಿದ ಕಣ್ಣು ಅಗಲಿಸಿ ನೋಡಿತು, ಮೊದಲು ನನ್ನ ಗಾಜಿನ ಕಣ್ಣನ್ನು. ಅದೇ ಹೆಚ್ಚು ಮಿಂಚುತ್ತಿತ್ತು. ಅದರ ಕಣ್ಣಿನಲ್ಲಿ ನನಗೆ ಕಂಡದ್ದು ಬರಿಯ ಕಪ್ಪು. ಕಪ್ಪು ಏನನ್ನೂ ಹೇಳುವುದಿಲ್ಲವೆಂದು ನನಗೀಗ ಗೊತ್ತಿತ್ತು. ಹೆಸರು ಹೇಳಿದೆ. ಅದು ಅವನದು, ಇಲ್ಲಿ ಬರೆಯುವುದಿಲ್ಲ. ಬೆನ್ನಿನ ಮೇಲೆ ಗುದ್ದುಗಳು ಬಿದ್ದವು. ಅವುಗಳಲ್ಲಿ ಮಾವಶಿಯದು ಯಾವುದೆಂದು ತಿರುಗಿ ನೋಡದೆಯೇ ತಿಳಿಯಿತು.

ಗುಗ್ಗರಿ ಹಂಚುವಾಗ ಕೊಣ್ಣೂರಿನಿಂದ ಬಂದಿದ್ದ ವೈನಿಯ ಕಾಕು, ಅವರ ಚಿಕ್ಕಪ್ಪನ ಹೆಂಡತಿ, ನನ್ನ ಪಕ್ಕಕ್ಕೆ ಸರಿದರು. "ಬೆಕ್ಕಿನ ಕಣ್ಣ ಅಂದ್ರಲ್ಲ ಬಾಯಾರ. ನಮ್ಮ ಓಣ್ಯಾಗ ಒಂದು ಹುಡಗಿ ಅದಾಳ. ದೀಪಾ ಹಚ್ಚೂ ಹೊತ್ತಿಗೆ ಆಕಿ ಕಣ್ಣ ಹೊಳೀತೈತಿ. ಲಕ್ಷ್ಮೀ ಕಣ್ಣ ಅಂತಾರ ಅವರ ಮನ್ಯಾಗ. ಆಕಿ ಹುಟ್ಟಿದ ಮ್ಯಾಲ ಹೊಲಾ ಚಲೋ ಬೆಳದೈತಂತ. ದಿನಾ ಸಂಜಿಗೆ ದೀಪದ ಮುಂದ ಕೂಡಿಸಿ ಮಂದೀಗೆ ತೋರಸತಾರ."

ಗುಗ್ಗರಿ ನನ್ನ ಕೈಯಲ್ಲೇ ಉಳಿಯಿತು. "ಅವರಿಗೆ ಹೇಳ್ರಿ" ಎಂದೆ.

"ಲಕ್ಷ್ಮೀನ ರೋಗ ಅಂತ ನಾ ಹ್ಯಾಂಗ ಹೇಳಲಿ? ನೀವ ಬರ್ರಿ."

ಮರುದಿನ ಮಿರಜಿಗೆ ಹೋದೆವು: ವೈನಿ, ಮಾವಶಿ, ಕೂಸು, ನಾನು. ಅದೇ ಬಾಕು. ಕೂಸಿನ ಕಣ್ಣಿಗೆ ಹನಿ ಹಾಕಿ ಕಾಯಿರಿ ಎಂದರು. ನಾನು ಓದಿದ ಯಾವುದೂ ಆ ಕಾಯುವಿಕೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಮಾವಶಿ ಎದುರಿನ ಗೋಡೆ ನೋಡುತ್ತಾ ನನ್ನೊಂದಿಗೆ ಮಾತಾಡದೆ ಕೂತಿದ್ದರು. ಒಳಗೆ ಕೂಸು ಅತ್ತಿತು, ವೈನಿಯ ದನಿ ಕೇಳಿತು, ಮತ್ತೆ ಅತ್ತಿತು. ಆಗ ಮಾವಶಿಯ ಕೈ ಬಂದು ನನ್ನ ಕೈಯನ್ನು ಹಿಡಿಯಿತು. ಮುಖ ಗೋಡೆಯ ಕಡೆಗೇ ಇತ್ತು.

ಡಾಕ್ಟರು ಬಾಗಿಲಿಗೆ ಬಂದು, "ಎರಡೂ ಸ್ವಚ್ಛ ಅದಾವು" ಎಂದರು. "ಈಗ ಸ್ವಚ್ಛ ಅದಾವು ಅಂತ ಅಷ್ಟ ನಾ ಹೇಳೂದು. ಮೂರ ತಿಂಗಳಿಗೆ ಮತ್ತ ಬರ್ರಿ."

ಮಾವಶಿ ಕಣ್ಣೊರೆಸಿಕೊಂಡು, "ಮೂರ ತಿಂಗಳಿಗ್ಯಾ? ನಮ್ಮ ಬೀಗರ ಮನಿಗೆ ಇಷ್ಟ ಸಲ ಹೋಗೂದಿಲ್ಲ ನಾವು" ಎಂದರು. ಈಗಲೂ ಹೋಗುತ್ತಿದ್ದಾರೆ. ಅವನಿಗೆ ಮೂರು ತುಂಬಿದೆ, ಎರಡೂ ಕಣ್ಣಿನಿಂದ ನನ್ನ ಚಾಕ್ ಡಬ್ಬಿ ಹುಡುಕುತ್ತಾನೆ.

ಹೊರಡುವಾಗ ಕೊಣ್ಣೂರಿನ ಹುಡುಗಿಯ ಮಾತು ಹೇಳಿದೆ. ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದರು. "ಎಂದ ಹೋಗತೀರಿ?"

"ಐತವಾರ ಹೋಗಬೇಕಂತ—"

"ನಾಳೆ ಹೋಗ್ರಿ" ಎಂದರು.

ಘಟಪ್ರಭಾ ಸ್ಟೇಶನ್ನಿನಲ್ಲಿ ನಾವು ಬೇರೆಯಾಗುವಾಗ ಮಾವಶಿ ಸೆರಗಿನ ಗಂಟು ಬಿಚ್ಚಿ ನನ್ನ ಕೈಯಲ್ಲಿ ರೊಕ್ಕ ತುರುಕಿದರು. "ಆ ಹುಡಗಿ ತಿಕೀಟ. ಅವರ ಅವ್ವ ಅಪ್ಪಂದೂ. ತಿರುಗಿ ಬರೂದೂ. ಸೀರಿ ಸುದ್ಧಾ ನೀ ಉಡಬೇಕು, ಪೆಟ್ಟಿಗ್ಯಾಗ ಇಡಬ್ಯಾಡ." ಈಗ ನಮ್ಮ ಬಳಗದ ಕೆಲವು ಮನೆಗಳಲ್ಲಿ ಸೋದರತ್ತೆಯರು ಸೀರೆಯ ಜೊತೆಗೆ ಮಿರಜಿನ ತಿಕೀಟನ್ನೂ ಕೇಳುತ್ತಾರೆ. ಹಾಗೆ ಕೂಡಿದ ಹಣದಲ್ಲಿ ಹೋಗಿಬಂದವರು ಕೆಲವರಿದ್ದಾರೆ, ನಾಗನೂರಿನಿಂದ, ಹುಕ್ಕೇರಿಯಿಂದ. ಒಮ್ಮೆ ಡಾಕ್ಟರ ಫೋಟೋದ ಫಿಲ್ಮಿಗೂ ಆಯಿತು. ಅವರಿಗೆ ಎಷ್ಟು ತಿಳಿಯಿತೆಂದು ಹೋದಾಗಲೆಲ್ಲ ಕೇಳುತ್ತೇನೆ. "ಸ್ವಲ್ಪ" ಎನ್ನುತ್ತಾರೆ.

ಮಿರಜಿನಿಂದ ಬಂದ ಆ ಸಂಜೆ ನಾನು ಗೋಕಾಕ ಫಾಲ್ಸಿನಲ್ಲಿ ಅಣ್ಣನ ಕ್ವಾರ್ಟರ್ಸಿನಲ್ಲಿ ಇಳಿದುಕೊಂಡೆ. ಅಣ್ಣನಿಗೆ ಎರಡೂ ಸ್ವಚ್ಛ ಇವೆ ಎಂದೆ. ಅವನು ಹೊರಗೆ ಹೋಗಿ ಬಹಳ ಹೊತ್ತು ನಲ್ಲಿಯ ಕೆಳಗೆ ಮುಖ ತೊಳೆದ.

ಮರುದಿನ ಮುಂಜಾನೆ ಇಳಕಲ್ ಸೀರೆ ಉಟ್ಟು ಕೊಣ್ಣೂರಿಗೆ ಹೋದೆ. ಕಾಕು ಮನೆ ತೋರಿಸಿದರು. ಹುಡುಗಿಗೆ ಮೂರೂವರೆ, ನಾಲ್ಕು ಇರಬಹುದು. ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದಳು. ತಂದೆತಾಯಿ ಚಾಪೆ ಹಾಸಿ ಬೆಲ್ಲ ನೀರು ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಮರ್ಯಾದೆಯಿಂದ ಕೇಳಿದರು. ಕೊನೆಗೆ ತಂದೆ, "ನಮ್ಮಾಕೀದು ದೇವರ ಕೊಟ್ಟ ಕಣ್ಣ ಐತ್ರಿ ಬಾಯಾರ. ನಿಮಗ ಆಕಳ ಹಾಯ್ದದ್ದು. ಅದಕೂ ಇದಕೂ ಏನ್ ಸಂಬಂಧ?" ಎಂದರು. ಕೆಂದಿಯ ಸುದ್ದಿ ಕೊಣ್ಣೂರಿನತನಕ ಬಂದಿತ್ತು.

ಮಾತಿನಿಂದ ಆಗುವುದಿಲ್ಲವೆಂದು ಕಂಡಿತು. ಒಂದು ಬಟ್ಟಲು ನೀರು ಕೇಳಿದೆ, ಸೋಸಿದ್ದು. ತಾಯಿ ಅಚ್ಚರಿಪಡುತ್ತಲೇ ಸೆರಗಿನಲ್ಲಿ ಸೋಸಿ ತಂದಿಟ್ಟಳು. ಕಪ್ಪು ಕನ್ನಡಕ ತೆಗೆದು ಚಾಪೆಯ ಮೇಲಿಟ್ಟೆ. ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ಗಾಜಿನ ಕಣ್ಣನ್ನು ಅಂಗೈಗೆ ತೆಗೆದುಕೊಂಡೆ. ಹಗಲು ಬೆಳಕಿನಲ್ಲಿ, ತೆರೆದ ಬಾಗಿಲಿನ ಎದುರು, ಪರಿಚಯವಿಲ್ಲದವರ ಮುಂದೆ. "ಹತ್ತರ ಬಂದ ನೋಡ್ರಿ. ಕೊಂಬ ಬಡದ ಗುರುತ ಎಲ್ಲೈತಿ?" ಎಂದೆ.

ತಾಯಿ ಹತ್ತಿರ ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ ಮಗಳನ್ನು ನೋಡಿದಳು.

ಕಣ್ಣನ್ನು ಬಟ್ಟಲಿಗೆ ಬಿಟ್ಟೆ. ಅದು ತೇಲಿತು, ಓರೆಯಾಯಿತು, ಇಳಿಯಿತು, ತಳದಲ್ಲಿ ಸದ್ದು ಮಾಡಿತು. ಕೋಳಿಯನ್ನು ಬಿಟ್ಟು ಬಂದ ಹುಡುಗಿ ಬಟ್ಟಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಿವಿಯನ್ನು ನೀರಿನ ಹತ್ತಿರ ತಂದಳು.

"ಇನ್ನೊಮ್ಮಿ ಹಾಕ್ರಿ" ಎಂದಳು.

ತೆಗೆದು ಇನ್ನೊಮ್ಮೆ ಹಾಕಿದೆ.